‘ಸಾಕು’ ಅನ್ನೋದೇ ಒಬ್ಬರ ಹೆಸರಾದಾಗ: ಘಾನಾದ ಕೋಫಿಯಿಂದ ನಮ್ಮಜ್ಜಿ ಸಾಕಮ್ಮನವರೆಗೆ

ಈ ವಾರದ ಎಪಿಸೋಡನ್ನ ಸ್ವಲ್ಪ ಮನೆ ವಿಷಯದಿಂದಲೇ ಶುರು ಮಾಡ್ತೀನಿ. ಹೋದ ತಿಂಗಳು ನಮ್ಮಣ್ಣನಿಗೆ ಹೆಣ್ಣುಮಗು ಆಯ್ತು. ಅಂದ್ರೆ ನಾನು ಸೋದರತ್ತೆ ಆದೆ. ಸೋದರತ್ತೆ ಆಗೋದು ಸುಮ್ಮನೆ ಅಲ್ಲ, ಅದಕ್ಕೊಂದು ಡ್ಯೂಟಿ ಇದೆ. ನಾಮಕರಣದ ದಿನ ಮಗುವನ್ನ ತೊಟ್ಟಿಲಿಗೆ ಹಾಕಿ, ಅದರ ಕಿವಿಯಲ್ಲಿ ಮೊದಲ ಸಲ ಹೆಸರು ಹೇಳೋಳು ಸೋದರತ್ತೆ. ಉತ್ತರ ಕರ್ನಾಟಕದ ಕಡೆಯಾದ್ರೆ ಕಿವಿಯಲ್ಲಿ ‘ಕುರ್ರ್’ ಅಂತ ಕೂಗಬೇಕು, ಹಿಂದೆ ನಿಂತ ಹೆಂಗಸರು ಬೆನ್ನಿಗೆ ನಾಲ್ಕು ಗುದ್ದೂ ಕೊಡ್ತಾರೆ.

ಸಮಸ್ಯೆ ಏನಂದ್ರೆ, ನಾನು ಏನು ಹೇಳಬೇಕು ಅನ್ನೋದೇ ತೀರ್ಮಾನ ಆಗಿರಲಿಲ್ಲ.

ಮೊದಲು ಜಾತಕದ ಕತೆ ಕೇಳಿ. ನಮ್ಮಲ್ಲಿ 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108. ಪ್ರತಿ ಪಾದಕ್ಕೂ ಒಂದು ಅಕ್ಷರ ಇದೆ. ಅಶ್ವಿನಿ ಆದ್ರೆ ಚು, ಚೇ, ಚೋ, ಲಾ. ಮಗು ಹುಟ್ಟಿದ ಪಾದದ ಅಕ್ಷರದಿಂದ ಹೆಸರು ಶುರುವಾಗಬೇಕು ಅನ್ನೋದು ಪದ್ಧತಿ. ನಮ್ಮ ಮಗು ಹುಟ್ಟಿದ್ದು ಹಸ್ತಾ ನಕ್ಷತ್ರ, ಮೂರನೇ ಪಾದ. ಅಕ್ಷರ ಯಾವುದು ಗೊತ್ತಾ? ‘ಣ’. ಕನ್ನಡದಲ್ಲಿ ‘ಣ’ದಿಂದ ಶುರುವಾಗೋ ಒಂದು ಹೆಸರು ಹುಡುಕಿ ನೋಡಿ. ಸಿಗಲ್ಲ. ಪುರೋಹಿತರು ನಕ್ಕು, “‘ನ’ದಿಂದ ಇಡ್ರಮ್ಮ, ನಡೆಯುತ್ತೆ” ಅಂದ್ರು.

ಆಮೇಲೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಮೂರು ಪಾರ್ಟಿ ಆಯ್ತು. ಅಣ್ಣನಿಗೆ ಬೇಕಾಗಿದ್ದು ಕಿಯಾರಾ ಥರದ ಹೆಸರು. ಎಲ್ಲೇ ಹೋದ್ರೂ ಯಾರೂ ಎರಡು ಸಲ ಕೇಳಬಾರದು ಅನ್ನೋದು ಅವನ ಲೆಕ್ಕ. ಅತ್ತಿಗೆಗೆ ಒಂದು ಕನ್ನಡದ ಹೆಸರು ಬೇಕು. ಅಪ್ಪಂದು ಒಂದೇ ಮಾತು: “ನಮ್ಮಮ್ಮನ ಹೆಸರಿಡಿ. ಹಿರಿಯರ ಹೆಸರು ಮನೇಲಿ ಉಳೀಬೇಕು.”

ನಮ್ಮಜ್ಜಿ ಹೆಸರು ಸಾಕಮ್ಮ. ಜಗುಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದ ಅಜ್ಜಿ ತಲೆ ಎತ್ತದೆ ಹೇಳಿದ್ಲು: “ಅದೊಂದು ಬ್ಯಾಡ ಕಣಪ್ಪ. ಆ ಹೆಸ್ರು ನನ್ ಜೊತೇಗೇ ಹೋಗ್ಲಿ.”

ಯಾರೂ ಮುಂದೆ ಮಾತಾಡಲಿಲ್ಲ. ಯಾಕಂದ್ರೆ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಐದನೇ ಹೆಣ್ಣುಮಗು. ‘ಇನ್ನು ಹೆಣ್ಣು ಸಾಕು’ ಅಂತ ಅವರಪ್ಪ ಇಟ್ಟ ಹೆಸರದು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೇರೆ ದೇಶಗಳಲ್ಲಿ ಹೆಸರು ಹೇಗಿಡ್ತಾರೆ ಅಂತ ಓದೋಕೆ ಕೂತೆ. ನಾನು ಬಿ.ಕಾಂ. ಓದಿದವಳು, ಭಾಷಾಶಾಸ್ತ್ರ ಅಲ್ಲ. ಹಾಗಾಗಿ ನನಗೆ ಗೊತ್ತಿರೋ ಕೆಲಸವನ್ನೇ ಮಾಡಿದೆ. ಲೆಜರ್‌ನಲ್ಲಿ ಖಾತೆ ತೆರೆದ ಹಾಗೆ ಹೆಸರುಗಳನ್ನ ಖಾತೆ ಖಾತೆಯಾಗಿ ಬರೆದಿಟ್ಟೆ. ಆ ಪಟ್ಟಿಯೇ ಇವತ್ತಿನ ಎಪಿಸೋಡ್.

ಒಂದನೇ ಖಾತೆ: ಕ್ಯಾಲೆಂಡರ್ ಇಟ್ಟ ಹೆಸರು

ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಅಕಾನ್ ಅನ್ನೋ ಜನರಿದ್ದಾರೆ. ಅವರಲ್ಲಿ ಹೆಸರು ಹುಡುಕೋ ತಲೆನೋವು ಅರ್ಧ ಕಡಿಮೆ, ಯಾಕಂದ್ರೆ ಮಗು ಹುಟ್ಟಿದ ವಾರವೇ ಒಂದು ಹೆಸರು ಕೊಡುತ್ತೆ. ಗಂಡುಮಗು ಭಾನುವಾರ ಹುಟ್ಟಿದ್ರೆ ಕ್ವಾಸಿ, ಸೋಮವಾರ ಕೋಜೋ, ಮಂಗಳವಾರ ಕ್ವಾಬೆನಾ, ಬುಧವಾರ ಕ್ವಾಕು, ಗುರುವಾರ ಯಾವ್, ಶುಕ್ರವಾರ ಕೋಫಿ, ಶನಿವಾರ ಕ್ವಾಮೆ. ಹೆಣ್ಣುಮಕ್ಕಳಿಗೆ ಅಕೊಸುವಾ, ಅಜೋವಾ, ಅಬೆನಾ, ಅಕುವಾ, ಯಾ, ಅಫುವಾ, ಅಮಾ.

ಈಗ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ನೆನಪು ಮಾಡಿಕೊಳ್ಳಿ. 2001ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತಲ್ಲ, ಅವರೇ. ಅವರು ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಅದಕ್ಕೇ ಕೋಫಿ. ಅವರ ಪೂರ್ತಿ ಹೆಸರು ಕೋಫಿ ಅಟ್ಟಾ ಅನ್ನಾನ್. ಅಟ್ಟಾ ಅಂದ್ರೆ ಅವಳಿ, ಅವರ ಜೊತೆ ಹುಟ್ಟಿದ ಅವಳಿ ತಂಗಿ ಇದ್ದರು. ಅನ್ನಾನ್ ಅಂದ್ರೆ ನಾಲ್ಕನೆಯವನು. ಅಂದ್ರೆ ಅದೊಂದು ಹೆಸರಲ್ಲ, ಮೂರು ಸಾಲಿನ ಬಯೋಡೇಟಾ. ಘಾನಾಕ್ಕೆ 1957ರಲ್ಲಿ ಸ್ವಾತಂತ್ರ್ಯ ತಂದುಕೊಟ್ಟ ನಾಯಕ ಕ್ವಾಮೆ ಎನ್‌ಕ್ರುಮಾ. ಹೆಸರು ಕೇಳಿದ ತಕ್ಷಣ ಘಾನಾದವರಿಗೆ ಇವರು ಶನಿವಾರದವರು ಅಂತ ಗೊತ್ತಾಗುತ್ತೆ.

ಇದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಗುಲಾಮರ ವ್ಯಾಪಾರದ ಕಾಲದಲ್ಲಿ ಈ ಜನರನ್ನ ಹಡಗಿನಲ್ಲಿ ತುಂಬಿ ಕೆರಿಬಿಯನ್ ದ್ವೀಪಗಳಿಗೆ ಸಾಗಿಸಿದರು. ಊರು ಹೋಯ್ತು, ಮನೆ ಹೋಯ್ತು, ಭಾಷೆ ಹೋಯ್ತು. ಯಜಮಾನರು ತಮಗೆ ಬೇಕಾದ ಹೆಸರಿಟ್ಟರು. ಆದ್ರೂ ವಾರದ ಹೆಸರುಗಳು ಎಷ್ಟೋ ಕಡೆ ಉಳಿದುಕೊಂಡವು. ಜಮೈಕಾದ ಬೆಟ್ಟಗಳಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ, 1739ರಲ್ಲಿ ಅವರೇ ಬಂದು ಒಪ್ಪಂದ ಮಾಡಿಕೊಳ್ಳೋ ಹಾಗೆ ಮಾಡಿದ ಮರೂನ್ ನಾಯಕನ ಹೆಸರು ಕಜೋ. ಅದು ನಮ್ಮ ಸೋಮವಾರದ ಕೋಜೋನೇ, ಇಂಗ್ಲಿಷರ ಬಾಯಲ್ಲಿ ಸ್ವಲ್ಪ ತಿರುಚಿದೆ ಅಷ್ಟೆ.

ಇಂಡೋನೇಷ್ಯಾದ ಬಾಲಿಯಲ್ಲಿ ವಾರ ಲೆಕ್ಕ ಅಲ್ಲ, ನಂಬರ್ ಲೆಕ್ಕ. ಮೊದಲ ಮಗು ವಯಾನ್, ಎರಡನೇದು ಮಾದೆ, ಮೂರನೇದು ನ್ಯೋಮಾನ್, ನಾಲ್ಕನೇದು ಕೆತುತ್. ಗಂಡಾಗಲಿ ಹೆಣ್ಣಾಗಲಿ ಇದೇ ಹೆಸರು. ಐದನೇ ಮಗು ಆದ್ರೆ? ಮತ್ತೆ ವಯಾನ್‌ನಿಂದ ಶುರು! ‘ಮಾದೆ’ ಅನ್ನೋದು ಸಂಸ್ಕೃತದ ‘ಮಧ್ಯ’ದಿಂದ ಬಂದಿದ್ದು. ನಮ್ಮ ದೇಶದಲ್ಲೂ ಈ ಥರ ಇದೆ. ಜಾರ್ಖಂಡ್ ಕಡೆಯ ಹಳ್ಳಿಗಳಲ್ಲಿ ಸೋಮ್ರಾ, ಮಂಗ್ರಾ, ಬುಧುವಾ ಅನ್ನೋ ಹೆಸರುಗಳಿವೆ. ಅವೆಲ್ಲ ಹುಟ್ಟಿದ ವಾರದಿಂದಲೇ ಬಂದವು.

ಅಜ್ಜಿ ಬಾಲಿಯಲ್ಲಿ ಹುಟ್ಟಿದ್ರೆ ಐದನೇ ಮಗುವಾಗಿ ಎರಡನೇ ವಯಾನ್ ಆಗ್ತಿದ್ಲು. ಅಷ್ಟೇ, ಯಾರ ಮೇಲೂ ಕೋಪ ಇಲ್ಲ, ನಿಟ್ಟುಸಿರು ಇಲ್ಲ.

ಎರಡನೇ ಖಾತೆ: ‘ಇದೊಂದು ಉಳಿಯಲಿ’ ಅನ್ನೋ ಹೆಸರು

ಈ ಖಾತೆ ಸ್ವಲ್ಪ ಭಾರ. ಲಸಿಕೆ, ಆಸ್ಪತ್ರೆ ಇಲ್ಲದ ಕಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹಳ ಮಕ್ಕಳು ಉಳೀತಿರಲಿಲ್ಲ. ಎರಡು ಮೂರು ಮಕ್ಕಳನ್ನ ಕಳಕೊಂಡ ತಾಯಿಗೆ ಮತ್ತೊಂದು ಮಗು ಹುಟ್ಟಿದಾಗ ಹೆಸರಿಡೋದು ಸಂಭ್ರಮ ಆಗಿರಲಿಲ್ಲ, ಅದು ಭಯದ ಕೆಲಸ.

ನೈಜೀರಿಯಾದ ಯೊರೂಬಾ ಜನರಲ್ಲಿ ಒಂದು ನಂಬಿಕೆ ಇದೆ. ಒಂದೇ ಮಗು ಮತ್ತೆ ಮತ್ತೆ ಹುಟ್ಟಿ, ಮತ್ತೆ ಮತ್ತೆ ಸತ್ತು ತಾಯಿಯನ್ನ ಕಾಡುತ್ತೆ ಅಂತ. ಅಂಥ ಮಗುವಿಗೆ ‘ಅಬಿಕು’ ಅಂತಾರೆ. ಅದನ್ನ ಹಿಡಿದಿಟ್ಟುಕೊಳ್ಳೋದಕ್ಕೆ ಹೆಸರಲ್ಲೇ ಬೇಡಿಕೊಳ್ತಾರೆ. ಮಾಲೊಮೊ, ಅಂದ್ರೆ ‘ಇನ್ನು ಹೋಗಬೇಡ’. ಕೋಕುಮೊ, ಅಂದ್ರೆ ‘ಇನ್ನು ಸಾಯಲ್ಲ’. ದುರೊಜಾಯೆ, ಅಂದ್ರೆ ‘ಇರು, ಇದ್ದು ಬದುಕಿನ ಸುಖ ನೋಡು’. ಮನೆಯಲ್ಲಿ ದಿನಕ್ಕೆ ನೂರು ಸಲ ಆ ಹೆಸರು ಕರೀತಾರೆ ಅಂದ್ರೆ, ನೂರು ಸಲ ಆ ಮಗುವನ್ನ ‘ಇರು, ಹೋಗಬೇಡ’ ಅಂತ ಕೇಳಿಕೊಂಡ ಹಾಗೆ.

ಅಲ್ಲಿಂದ ಟರ್ಕಿಗೆ ಬನ್ನಿ. ದುರ್ಸುನ್ ಅನ್ನೋ ಹೆಸರಿದೆ, ‘ಉಳಿಯಲಿ’ ಅಂತ ಅರ್ಥ. ಯಾಶಾರ್ ಅಂದ್ರೆ ‘ಬದುಕುತ್ತಾನೆ’. ಟರ್ಕಿಯ ದೊಡ್ಡ ಕಾದಂಬರಿಕಾರ ಯಾಶಾರ್ ಕೆಮಾಲ್ ಹೆಸರಲ್ಲಿರೋದು ಇದೇ ಪದ.

ಇನ್ನು ನಮ್ಮಲ್ಲಿ? ನಮ್ಮ ಅಜ್ಜಂದಿರ ಕಾಲದ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ಕಲ್ಲಪ್ಪ, ಗುಂಡಪ್ಪ, ಹುಚ್ಚಪ್ಪ, ತಿರುಕಪ್ಪ, ಭಿಕ್ಷಪ್ಪ, ತಿಪ್ಪಣ್ಣ, ತಿಪ್ಪಮ್ಮ. ಇವತ್ತು ನಾವು ಇವನ್ನ ಕೇಳಿ ನಗ್ತೀವಿ. ಆದ್ರೆ ಇದರ ಹಿಂದಿನ ಲೆಕ್ಕಾಚಾರ ಏನಂದ್ರೆ, ಚೆಂದದ ಮಗುವಿಗೆ ಚೆಂದದ ಹೆಸರಿಟ್ರೆ ಕಣ್ಣು ಬೀಳುತ್ತೆ, ಮೃತ್ಯು ಹುಡುಕಿಕೊಂಡು ಬರುತ್ತೆ. ಅದಕ್ಕೆ ಮೃತ್ಯುವಿಗೇ ಮೋಸ ಮಾಡಬೇಕು. ಹುಟ್ಟಿದ ಮಗುವನ್ನ ಒಂದು ಗಳಿಗೆ ತಿಪ್ಪೆ ಮೇಲೆ ಮಲಗಿಸಿ, ‘ಇದು ನಮಗೆ ಬೇಡದ್ದು’ ಅಂತ ತೋರಿಸಿ, ಆಮೇಲೆ ಎತ್ತಿಕೊಂಡು ಬರೋದು. ಆ ಮಗು ತಿಪ್ಪಣ್ಣ ಆಯ್ತು. ಮಗುವನ್ನ ಬೇರೆಯವರ ಮಡಿಲಿಗೆ ಹಾಕಿ ಭಿಕ್ಷೆ ಅಂತ ವಾಪಸ್ ಪಡೆದ್ರೆ ಭಿಕ್ಷಪ್ಪ. ತೆಲುಗಿನವರಲ್ಲಿ ಪೆಂಟಯ್ಯ ಇದ್ದಾನೆ, ಪೆಂಟ ಅಂದ್ರೆ ತಿಪ್ಪೆ. ತಮಿಳಿನಲ್ಲಿ ಕುಪ್ಪುಸ್ವಾಮಿ ಇದ್ದಾನೆ, ಕುಪ್ಪೈ ಅಂದ್ರೆ ಕಸ. ‘ಪಿಚ್ಚೈ’ ಅಂದ್ರೆ ಭಿಕ್ಷೆ.

ಹಾಗಂತ ಎಲ್ಲ ಹೆಸರನ್ನೂ ಒಂದೇ ಅಳತೆಯಲ್ಲಿ ಅಳೆಯೋಕಾಗಲ್ಲ. ನಮ್ಮದು ಚಿತ್ರದುರ್ಗದ ಕಡೆ. ಅಲ್ಲಿ ತಿಪ್ಪೇಸ್ವಾಮಿ ಅಂದ್ರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ. ಕೆರೆಗಳನ್ನ ಕಟ್ಟಿಸಿದ ಕಾಯಕಯೋಗಿ ಅಂತ ಜನ ನೆನೆಯೋ ಗುರು. ಜಾತ್ರೆಗೆ ಹೋಗಿ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಅವರದ್ದೇ ಹೆಸರು. ನನ್ನ ಕ್ಲಾಸಲ್ಲಿ ನಾಲ್ಕು ಜನ ತಿಪ್ಪೇಸ್ವಾಮಿ ಇದ್ರು, ಇನಿಷಿಯಲ್ ಇಲ್ಲದೆ ಯಾರನ್ನೂ ಕರೆಯೋ ಹಾಗಿರಲಿಲ್ಲ.

ನಮ್ಮಣ್ಣನ ಹೆಸರೂ ತಿಪ್ಪೇಸ್ವಾಮಿ. ಊರಲ್ಲಿ ಇರೋವರೆಗೂ ಅದು ದೇವರ ಹೆಸರು. ಬೆಂಗಳೂರಿನ ಆಫೀಸಿಗೆ ಹೋದ ಮೊದಲ ವಾರ ಯಾರೋ ಅದನ್ನ ಇಂಗ್ಲಿಷ್‌ನಲ್ಲಿ ಅನುವಾದ ಮಾಡಿ ಎಲ್ಲರ ಮುಂದೆ ಹೇಳಿದ್ರಂತೆ. ಎಲ್ಲರೂ ನಕ್ಕರಂತೆ. ಅವನೂ ನಕ್ಕನಂತೆ. ಮಾರನೇ ದಿನದಿಂದ ಅವನ ಮೇಲ್‌ನಲ್ಲಿ, ಐಡಿ ಕಾರ್ಡಿನ ದಾರದ ಮೇಲೆ, ಎಲ್ಲಾ ಕಡೆ ಬರೀ ‘ಸ್ವಾಮಿ’. ಮಗಳಿಗೆ ಕಿಯಾರಾ ಅಂತ ಇಡಬೇಕು ಅನ್ನೋ ಅವನ ಹಟ ಎಲ್ಲಿಂದ ಬಂತು ಅಂತ ನನಗೆ ಆ ರಾತ್ರಿ ಗೊತ್ತಾಯ್ತು. ಅಲ್ಲೀವರೆಗೆ ನಾನು ಅದನ್ನ ಶೋಕಿ ಅಂದುಕೊಂಡಿದ್ದೆ.

ಮೂರನೇ ಖಾತೆ: ‘ಸಾಕು’

ಈಗ ಅಜ್ಜಿಯ ಖಾತೆಗೆ ಬರೋಣ. ಇದು ನಮ್ಮೂರಿನ ಕತೆ ಮಾತ್ರ ಅಂದುಕೊಂಡಿದ್ದೆ. ಓದ್ತಾ ಹೋದ ಹಾಗೆ ತಲೆ ತಿರುಗಿತು.

ಟರ್ಕಿಯಲ್ಲಿ ಹೆಣ್ಣುಮಕ್ಕಳಿಗೆ ಯೆತೆರ್ ಅನ್ನೋ ಹೆಸರಿದೆ. ಅದರ ಅರ್ಥ ನೇರವಾಗಿ ‘ಸಾಕು’. ಜಪಾನಿನಲ್ಲಿ ನಮ್ಮ ಮುತ್ತಜ್ಜಿಯರ ಕಾಲದ ಹೆಣ್ಣುಮಕ್ಕಳಲ್ಲಿ ತೋಮೆ, ಸುಯೆ ಅನ್ನೋ ಹೆಸರುಗಳು ಸಾಮಾನ್ಯವಾಗಿದ್ದವು. ತೋಮೆ ಅಂದ್ರೆ ‘ನಿಲ್ಲಿಸು’, ಸುಯೆ ಅಂದ್ರೆ ‘ಕೊನೆ’. ಚೀನಾದಲ್ಲಿ ಝಾವೊದಿ ಅಂತ ಇಟ್ಟರು, ‘ತಮ್ಮನನ್ನ ಕರೆದು ತಾ’ ಅಂತ ಅರ್ಥ. ಯೋಚನೆ ಮಾಡಿ, ಒಂದು ಹುಡುಗಿಯ ಹೆಸರಲ್ಲಿ ಅವಳೇ ಇಲ್ಲ. ಇರೋದು ಇನ್ನೂ ಹುಟ್ಟದೇ ಇರೋ ಅವಳ ತಮ್ಮ. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ‘ವೇಂಡಾಮ್’ ಅಂತ ಹೆಸರಿರೋ ಹೆಣ್ಣುಮಕ್ಕಳಿದ್ದಾರೆ, ‘ಬೇಡ’ ಅಂತ ಅರ್ಥ.

ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಈ ಹೆಸರು ‘ನಕುಸಾ’. ಅದರ ಅರ್ಥವೂ ‘ಬೇಡವಾದವಳು’ ಅಂತಲೇ. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲಾಡಳಿತ ಒಂದು ಕಾರ್ಯಕ್ರಮ ಮಾಡ್ತು. ಆ ಹೆಸರಿದ್ದ 285 ಹುಡುಗಿಯರನ್ನ ಒಂದು ಕಡೆ ಸೇರಿಸಿ, ಅವರಿಗೆ ಹೊಸ ಹೆಸರು ಕೊಟ್ಟು ಸರ್ಟಿಫಿಕೇಟ್ ಕೊಟ್ಟರು. ಕೆಲವರು ಸಿನಿಮಾ ತಾರೆಯ ಹೆಸರು ತಗೊಂಡು ಐಶ್ವರ್ಯಾ ಆದ್ರು. ಅದೇ ವರ್ಷ ಬಂದ ಜನಗಣತಿಯ ಪ್ರಾಥಮಿಕ ಅಂಕಿ ಪ್ರಕಾರ, ದೇಶದಲ್ಲಿ 6 ವರ್ಷದವರೆಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 914. ಹೆಸರು ಬದಲಾಯಿಸಿದ್ರೆ ಆ ಅಂಕಿ ಬದಲಾಗಲ್ಲ, ನಿಜ. ಆದ್ರೆ ಶಾಲೆಯಲ್ಲಿ ದಿನಾ ಬೆಳಿಗ್ಗೆ ‘ಬೇಡವಾದವಳೇ’ ಅಂತ ಹಾಜರಿ ಕೂಗಿದಾಗ ‘ಇದ್ದೀನಿ ಸಾರ್’ ಅನ್ನಬೇಕಾದ ಹುಡುಗಿಗೆ ಅದು ಸಣ್ಣ ವಿಷಯ ಅಲ್ಲ.

ಒಂದು ಮಾತು ಇಲ್ಲಿ ಸೇರಿಸಬೇಕು. ಕನ್ನಡದಲ್ಲಿ ‘ಸಾಕು’ ಅನ್ನೋ ಪದಕ್ಕೆ ಎರಡು ಅರ್ಥ ಇದೆ. ಒಂದು, ಇನ್ನು ಬೇಡ. ಇನ್ನೊಂದು, ಸಲಹು, ಪೋಷಿಸು. ಸಾಕುತಾಯಿ, ಸಾಕುಮಗ, ‘ಸಾಕಿ ಸಲಹಿದಳು’ ಅಂತೀವಲ್ಲ, ಅದು. ಹಾಗಾಗಿ ಸಾಕಮ್ಮ ಅಂದ್ರೆ ‘ಸಾಕಿದ ತಾಯಿ’ ಅಂತಲೂ ಓದಬಹುದು. ಬೆಂಗಳೂರಿನವರಿಗೆ ಸಾಕಮ್ಮ ಅಂದ್ರೆ ಇನ್ನೊಂದು ನೆನಪೂ ಇದೆ. ಸುಮಾರು ನೂರು ವರ್ಷದ ಹಿಂದೆ, ಹೆಂಗಸರು ವ್ಯಾಪಾರ ಮಾಡೋದೇ ಅಪರೂಪ ಆಗಿದ್ದ ಕಾಲದಲ್ಲಿ, ಕಾಫಿಪುಡಿ ಉದ್ಯಮ ಕಟ್ಟಿ ‘ಕಾಫಿಪುಡಿ ಸಾಕಮ್ಮ’ ಅಂತಲೇ ಹೆಸರಾದ ಡಿ. ಸಾಕಮ್ಮ. ಕಾಮರ್ಸ್ ಓದಿದ ನಮಗೆ ಪಾಠದಲ್ಲಿ ಅವರ ಕತೆ ಯಾಕೆ ಹೇಳಿಕೊಡಲಿಲ್ಲವೋ!

ಖುಷಿಯಿಂದ ಮಾರನೇ ದಿನ ಅಜ್ಜಿ ಹತ್ರ ಓಡಿದೆ. “ಅಜ್ಜಿ, ನಿನ್ ಹೆಸರಿಗೆ ಸಾಕಿದೋಳು ಅಂತಲೂ ಅರ್ಥ ಇದೆ ಗೊತ್ತಾ?”

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ಲು: “ಅದು ನೀನು ಓದಿದ್ದು ಕಣವ್ವ. ನಮ್ಮಪ್ಪ ಏನಂದ್ಕೊಂಡು ಇಟ್ಟ ಅಂತ ನಂಗೊತ್ತಲ್ಲ.” ಒಂದು ನಿಮಿಷ ಬಿಟ್ಟು ತಾನೇ ನಕ್ಕಳು: “ನಾ ಹುಟ್ಟಿದ್ ಮೇಲೆ ಇನ್ನೂ ಒಂದು ಹೆಣ್ಣಾಯ್ತು. ಅದಕ್ಕೆ ಏನ್ ಹೆಸರಿಡಾದು ಅಂತ ತೋಚದೆ ನಮ್ಮಪ್ಪ ಒಂದ್ ತಿಂಗಳು ಸುಮ್ನಿದ್ದ.”

ನಾಲ್ಕನೇ ಖಾತೆ: ಸರ್ಕಾರ ನೋಡೋ ಹೆಸರು

ನಮ್ಮಲ್ಲಿ ಅಪ್ಪ, ಅಜ್ಜ, ಪುರೋಹಿತ, ವಾಟ್ಸಾಪ್ ಗ್ರೂಪ್ ಎಲ್ಲ ಒಪ್ಪಿದ್ರೆ ಮುಗೀತು. ಐಸ್‌ಲ್ಯಾಂಡ್‌ನಲ್ಲಿ ಹಾಗಲ್ಲ. ಅಲ್ಲಿ 1991ರಿಂದ ಹೆಸರಿಗೇ ಒಂದು ಸರ್ಕಾರಿ ಸಮಿತಿ ಇದೆ. ಒಪ್ಪಿಗೆ ಆದ ಹೆಸರುಗಳ ಪಟ್ಟಿ ಇದೆ. ಪಟ್ಟಿಯಲ್ಲಿಲ್ಲದ ಹೆಸರು ಬೇಕಂದ್ರೆ ಸಮಿತಿ ಮುಂದೆ ಅರ್ಜಿ ಹಾಕಬೇಕು. ಅವರು ನೋಡೋದು ಏನು ಗೊತ್ತಾ? ಆ ಹೆಸರಿಗೆ ಅವರ ಭಾಷೆಯ ವಿಭಕ್ತಿ ಪ್ರತ್ಯಯ ಹತ್ತುತ್ತಾ ಅಂತ! ನಾವು ಶಾಲೆಯಲ್ಲಿ ರಾಮನು, ರಾಮನನ್ನು, ರಾಮನಿಂದ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ. ಪ್ರತ್ಯಯ ಹತ್ತದ ಹೆಸರು, ಅವರ ಲಿಪಿಯಲ್ಲಿ ಇಲ್ಲದ ಅಕ್ಷರದ ಹೆಸರು ಪಾಸಾಗೋದು ಕಷ್ಟ. ಮುಂದೆ ಮಗುವಿಗೇ ಮುಜುಗರ ತರೋ ಹೆಸರೂ ನಡೆಯಲ್ಲ.

ಅಲ್ಲಿ ಸರ್‌ನೇಮ್ ಪದ್ಧತಿಯೂ ಸಾಮಾನ್ಯವಾಗಿ ಇಲ್ಲ. ಅಪ್ಪನ ಅಥವಾ ಅಮ್ಮನ ಹೆಸರಿಗೆ ‘ಮಗ’ ಅಥವಾ ‘ಮಗಳು’ ಸೇರಿಸ್ತಾರೆ. 1980ರಲ್ಲಿ ಜನರ ಮತದಿಂದ ರಾಷ್ಟ್ರಾಧ್ಯಕ್ಷೆಯಾಗಿ ಗೆದ್ದ ಜಗತ್ತಿನ ಮೊದಲ ಮಹಿಳೆ ವಿಗ್ದಿಸ್ ಫಿನ್‌ಬೋಗಾದೋತ್ತಿರ್. ಅಂದ್ರೆ ಫಿನ್‌ಬೋಗಿಯ ಮಗಳು ವಿಗ್ದಿಸ್. ಟೆಲಿಫೋನ್ ಡೈರೆಕ್ಟರಿಯಲ್ಲೂ ಮೊದಲ ಹೆಸರಿನ ಪ್ರಕಾರವೇ ಪಟ್ಟಿ. ನಮ್ಮ ಕೆ.ವಿ. ಪುಟ್ಟಪ್ಪ ಅಂದ್ರೆ ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ ಅನ್ನೋ ಲೆಕ್ಕಕ್ಕೆ ಇದು ಹತ್ತಿರದ್ದು. ನಾವು ಅಪ್ಪನ ಜೊತೆ ಊರನ್ನೂ ಹೊತ್ತುಕೊಂಡು ಹೋಗ್ತೀವಿ, ಅಷ್ಟೇ ವ್ಯತ್ಯಾಸ.

ಈ ಸಮಿತಿಯ ಕತೆಯಲ್ಲೂ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗೆ ಅಮ್ಮ ಇಟ್ಟ ಹೆಸರಿನ ಅರ್ಥ ‘ತಂಗಾಳಿ’. ಆದ್ರೆ ಆ ಪದ ಅವರ ವ್ಯಾಕರಣದಲ್ಲಿ ಪುಲ್ಲಿಂಗ. ಹೆಣ್ಣುಮಗುವಿಗೆ ಕೊಡೋ ಹಾಗಿಲ್ಲ ಅಂದ್ರು. ಹದಿನೈದು ವರ್ಷ ಆಗೋವರೆಗೂ ಸರ್ಕಾರಿ ದಾಖಲೆಯಲ್ಲಿ ಅವಳ ಹೆಸರು ಬರೀ ‘ಹುಡುಗಿ’. ಅಮ್ಮ ಮಗಳು ಕೋರ್ಟಿಗೆ ಹೋದ್ರು, 2013ರ ಜನವರಿಯಲ್ಲಿ ಗೆದ್ರು. 2019ರಲ್ಲಿ ಕಾನೂನೇ ಬದಲಾಯ್ತು, ಈಗ ಅಲ್ಲಿ ಯಾವ ಹೆಸರನ್ನೂ ಯಾರು ಬೇಕಾದ್ರೂ ಇಟ್ಟುಕೊಳ್ಳಬಹುದು.

ಸಮಿತಿಯ ಕಿರಿಕಿರಿ ಬೇಡವೇ ಬೇಡ ಅನ್ನಿಸ್ತಾ? ಇನ್ನೊಂದು ಮುಖ ನೋಡಿ. 1993ರಲ್ಲಿ ಜಪಾನಿನಲ್ಲಿ ಒಬ್ಬ ಅಪ್ಪ ಮಗನಿಗೆ ‘ಅಕುಮಾ’ ಅಂತ ಹೆಸರಿಡೋಕೆ ಹೊರಟ. ಅಕುಮಾ ಅಂದ್ರೆ ದೆವ್ವ, ಸೈತಾನ. ಸ್ಥಳೀಯ ಆಡಳಿತ ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯ್ತು, ದೇಶವೆಲ್ಲ ಚರ್ಚೆ ಆಯ್ತು, ಕೊನೆಗೆ ಬೇರೆ ಹೆಸರಿಟ್ಟರು. ಹೆಸರಿಡೋದು ಅಪ್ಪ ಅಮ್ಮ, ಆದ್ರೆ ಅದನ್ನ ಹೊತ್ತುಕೊಂಡು ಬದುಕೋದು ಮಗು. ಇವೆರಡರ ನಡುವೆ ಯಾರಾದ್ರೂ ಒಬ್ಬರು ಮಗುವಿನ ಪರವಾಗಿ ಕೇಳಬೇಕು ಅನ್ನೋದು ಈ ಕಾನೂನುಗಳ ಹಿಂದಿರೋ ಯೋಚನೆ. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ಅಜ್ಜಿ.

ಆ್ಯಪ್ ಹೇಳೋ ಅರ್ಥ ನಂಬಬಹುದಾ?

ನಿಮ್ಮಲ್ಲಿ ಬಹಳ ಜನ ಬೇಬಿ ನೇಮ್ ಆ್ಯಪ್ ಇಟ್ಟುಕೊಂಡಿರ್ತೀರಿ. ಒಂದು ಎಚ್ಚರಿಕೆ. ಒಂದೇ ಸದ್ದಿನ ಹೆಸರು ಎರಡು ಭಾಷೆಯಿಂದ ಬಂದಿದ್ರೆ ಅರ್ಥ ತಲೆಕೆಳಗಾಗುತ್ತೆ. ಅಣ್ಣನ ಕಿಯಾರಾನೇ ತಗೊಳ್ಳಿ. ಇಟಲಿಯ ಕಿಯಾರಾ ಆದ್ರೆ ‘ತಿಳಿಯಾದ, ಬೆಳಕಿನ’ ಅಂತ. ಐರ್ಲೆಂಡಿನಲ್ಲಿ ಹತ್ತಿರತ್ತಿರ ಹೀಗೇ ಕೇಳಿಸೋ ಹೆಸರಿದೆ, ಅದರ ಮೂಲ ಅರ್ಥ ‘ಕಪ್ಪು’. ಆ್ಯಪ್‌ಗಳು ಎರಡನ್ನೂ ಒಂದೇ ಬುಟ್ಟಿಗೆ ಹಾಕಿರುತ್ತವೆ. ತಾರಾ ನಮಗೆ ನಕ್ಷತ್ರ, ಐರ್ಲೆಂಡಿನವರಿಗೆ ಅವರ ಹಳೇ ರಾಜರ ಬೆಟ್ಟದ ಹೆಸರು.

ಉಲ್ಟಾನೂ ನಡೆಯುತ್ತೆ. ಬೇರೆ ಬೇರೆ ಅನ್ನಿಸೋ ಹೆಸರುಗಳು ಒಂದೇ ಬೇರಿನವು ಆಗಿರ್ತವೆ. ಇಂಗ್ಲಿಷ್‌ನ ಜಾನ್, ರಷ್ಯಾದ ಇವಾನ್, ಸ್ಪೇನಿನ ಹ್ವಾನ್, ಇಟಲಿಯ ಜೊವಾನಿ, ಐರ್ಲೆಂಡಿನ ಶಾನ್, ಕನ್ನಡ ಬೈಬಲಿನ ಯೋಹಾನ, ಎಲ್ಲ ಒಬ್ಬನೇ. ‘ದೇವರು ಕೃಪೆ ತೋರಿದ’ ಅನ್ನೋ ಅರ್ಥದ ಹೀಬ್ರೂ ಹೆಸರು ದೇಶ ದೇಶ ಸುತ್ತಿ ಅಲ್ಲಲ್ಲಿನ ನಾಲಿಗೆಗೆ ಹೊಂದಿಕೊಂಡಿದ್ದು.

ಹಾಗಾಗಿ ಹೆಸರು ಇಷ್ಟ ಆದ್ರೆ ಮೊದಲು ಯಾವ ಭಾಷೆಯದ್ದು ಅಂತ ಕೇಳಿ, ಆಮೇಲೆ ಅರ್ಥ ಕೇಳಿ. ಸಂಸ್ಕೃತದ್ದೋ ಕನ್ನಡದ್ದೋ ಅಂತ ಹೇಳಿದ್ರೆ ಒಂದು ಒಳ್ಳೇ ನಿಘಂಟು ತೆಗೆದು ಆ ಪದ ನಿಜವಾಗಲೂ ಇದೆಯಾ ನೋಡಿ.

ಇನ್ನೊಂದು ಪ್ರಾಕ್ಟಿಕಲ್ ವಿಷಯ. ಜನನವನ್ನ 21 ದಿನದೊಳಗೆ ನೋಂದಾಯಿಸಬೇಕು, ಆದ್ರೆ ಹೆಸರು ಅಷ್ಟರೊಳಗೆ ಇಡಲೇಬೇಕು ಅಂತೇನಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರೋದರಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಈ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅದಕ್ಕೆ ಅವಸರ ಮಾಡಬೇಡಿ, ಸ್ಪೆಲ್ಲಿಂಗ್ ಎರಡು ಸಲ ಓದಿ ಸಹಿ ಹಾಕಿ.

ಕೊನೆಗೆ ಏನಾಯ್ತು?

ಈ ಖಾತೆಗಳನ್ನೆಲ್ಲ ಒಂದು ಭಾನುವಾರ ಮನೆಯವರ ಮುಂದೆ ಓದಿದೆ. ತಿಪ್ಪಣ್ಣ, ದುರೊಜಾಯೆ ಬಂದಾಗ ಅಣ್ಣ ಸುಮ್ಮನೆ ಕೂತಿದ್ದ. ಯೆತೆರ್, ನಕುಸಾ ಬಂದಾಗ ಅಪ್ಪ ಎದ್ದು ಹೊರಗೆ ಹೋದ್ರು. ಸ್ವಲ್ಪ ಹೊತ್ತಿನ ಮೇಲೆ ಬಂದು, “ನಾನು ಹಟ ಮಾಡಲ್ಲ. ನಿಮಗೆ ಬೇಕಾದ್ದು ಇಡಿ” ಅಂದ್ರು. ಅಜ್ಜಿ ಅವರಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಅದರ ಬಗ್ಗೆ ಆಮೇಲೆ ಯಾರೂ ಮಾತಾಡಲಿಲ್ಲ.

ಹೆಸರು ಕೊಟ್ಟಿದ್ದು ಅತ್ತಿಗೆ. ‘ನ’ದಿಂದ ಶುರು, ಕನ್ನಡದ್ದು, ಹೊರದೇಶದವರ ನಾಲಿಗೆಗೂ ಕಷ್ಟ ಇಲ್ಲ. ನೇಸರ.

ಅಜ್ಜಿ ಕೇಳಿದ್ಲು, “ಹಂಗಂದ್ರೇನು?”

“ಸೂರ್ಯ ಅಜ್ಜಿ.”

“ಹೊತ್ತು ಹುಟ್ಟಾದಾ? ಆಗ್ಲಿ ಬಿಡು, ಚೆನ್ನಾಗೈತೆ.” ಅಂದವಳು ಮಗುವನ್ನ ಎತ್ತಿಕೊಂಡು ಐದೇ ನಿಮಿಷಕ್ಕೆ “ಏ ಪುಟ್ಟಿ” ಅಂತ ಕರೆಯೋಕೆ ಶುರು ಮಾಡಿದ್ಲು. ಅಜ್ಜಿ ಬಾಯಲ್ಲಿ ಇವತ್ತಿಗೂ ಅವಳು ಪುಟ್ಟಿನೇ.

ನಾಮಕರಣದ ದಿನ ತೊಟ್ಟಿಲ ಮೇಲೆ ಬಾಗಿ ಮಗು ಕಿವಿಯಲ್ಲಿ ಮೂರು ಸಲ ಹೇಳಿದೆ. ಅವಳು ಆಕಳಿಸಿದಳು.

ಮಾರನೇ ವಾರ ಹೆಸರು ಸೇರಿಸೋ ಅರ್ಜಿ ತುಂಬೋವಾಗ ನಾನೂ ಪಕ್ಕದಲ್ಲಿದ್ದೆ. ‘ತಂದೆಯ ಹೆಸರು’ ಅನ್ನೋ ಕಾಲಂ ಬಂತು. ಅಣ್ಣ ಪೆನ್ನು ಹಿಡಿದು ಒಂದು ಕ್ಷಣ ನಿಲ್ಲಿಸಿದ. ಆಮೇಲೆ ದೊಡ್ಡಕ್ಷರದಲ್ಲಿ ಪೂರ್ತಿ ಬರೆದ: ತಿಪ್ಪೇಸ್ವಾಮಿ.

ಇವತ್ತು ಇಷ್ಟೇ. ನಿಮ್ಮ ಹೆಸರು ಯಾರಿಟ್ಟಿದ್ದು, ಯಾಕಿಟ್ಟಿದ್ದು ಅಂತ ಗೊತ್ತಾ? ಗೊತ್ತಿಲ್ಲದಿದ್ರೆ ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ. ಹಾಗೇ ನಿಮ್ಮ ಅಜ್ಜಿಯ ಹೆಸರಿನ ಕತೆಯನ್ನೂ ಕೇಳಿ, ಅದನ್ನ ಅವರನ್ನ ಯಾರೂ ಕೇಳಿರಲ್ಲ. ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ನನಗೆ ಕಳಿಸಿ, ಕೆಲವನ್ನ ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಅಲ್ಲೀವರೆಗೆ ನಮಸ್ಕಾರ.